ಡಿ.ಡಿ.ಟಿ. ಪ್ರಭುಸ್ವಾಮಿಗಳು

ಪ್ರಭುಸ್ವಾಮಿಗಳು ಡಿ.ಡಿ.ಟಿ. ತಿನ್ನುತ್ತಿದ್ದರು. ಇದು ಉತ್ಪ್ರೇಕ್ಷೆಯಲ್ಲ, ನಾನು ಕಣ್ಣಾರೆ ನಾಲ್ಕೈದು ಬಾರಿ ಕಂಡದ್ದು. ಸರ್ಕಾರದವರು ತಂದ ಈ ಬಿಳಿಯ ಪುಡಿಯನ್ನು ಮನೆಯೊಳಕ್ಕೆ ಬಿಡುವುದೋ ಬೇಡವೋ ಎಂದು ಹಳ್ಳಿಯ ಜನ ಗುಂಪುಗೂಡಿ ಗುಸುಗುಸು ಮಾತಾಡುತ್ತಿರುವಾಗ, ಅವರು ಪೀಪಾಯಿಯ ಮುಚ್ಚಳ ತೆಗೆಸಿ, ಬಲಗೈಯ ತೋರುಬೆರಳನ್ನು ಪುಡಿಯಲ್ಲಿ ಅದ್ದಿ, ತೀರ್ಥ ಸ್ವೀಕರಿಸುವವರ ಗಾಂಭೀರ್ಯದಿಂದ ನಾಲಿಗೆಯ ಮೇಲಿಟ್ಟುಕೊಂಡು, ಗಂಟಲು ಅಲುಗುವುದು ಎಲ್ಲರಿಗೂ ಕಾಣುವಂತೆ ನುಂಗಿ, ಆಮೇಲೆ ಬರಿದಾದ ನಾಲಿಗೆಯನ್ನು ಹೊರಚಾಚಿ ತೋರಿಸುತ್ತಿದ್ದರು. "ಬರೀ ಮಾತಲ್ಲ ಕಣ್ರೀ" ಎನ್ನುತ್ತಿದ್ದರು. "ನಿಮ್ಮೆದುರಿಗೇ ತಿಂದಿದೀನಿ. ಇನ್ನು ಸಾಯೋದು ಸೊಳ್ಳೆ ಮಾತ್ರ." ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಮನೆಯೊಳಗಿನ ಪಾತ್ರೆ ಪಡಗ ಹೊರಗಿಡಲು ಹೊರಡುತ್ತಿದ್ದರು.

ಮಲೇರಿಯಾ ಇನ್ಸ್‌ಪೆಕ್ಟರ್ ಪ್ರಭುಸ್ವಾಮಿಗಳೂ ನಾನೂ ಮೈಸೂರಿನ ನಂಜುಮಳಿಗೆಯ ಹಿಂದಿನ ಬೀದಿಯಲ್ಲಿ, ಒಂದೇ ನಡುಗೋಡೆಯ ಎರಡು ಮನೆಗಳಲ್ಲಿ ಹದಿನೇಳು ವರ್ಷ ನೆರೆಹೊರೆಯಾಗಿದ್ದೆವು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ರಜ ಬಂತೆಂದರೆ ಹಳ್ಳಿಯ ಹೆಂಗಸರ ಬಾಯಿಂದ ಹಾಡು ಬರೆದುಕೊಳ್ಳುವ ಹುಚ್ಚಿನವನು. ಅವರ ಕಚೇರಿಯ ವ್ಯಾನು ಹಳ್ಳಿಗಳಿಗೆ ಹೊರಟಾಗ ಪೀಪಾಯಿಗಳ ನಡುವೆ ನನಗೂ ಕೂರಲು ಒಂದು ಜಾಗ ಸಿಗುತ್ತಿತ್ತು. ಹೀಗಾಗಿ ಅವರ ಮನೆಯ ಮುಖವನ್ನೂ ಕೆಲಸದ ಮುಖವನ್ನೂ ಕಂಡವರಲ್ಲಿ ನಾನೊಬ್ಬ.

ಎತ್ತರದ ಆಳು, ಸಣಕಲು ಮೈ, ಕುತ್ತಿಗೆ ತುಸು ಮುಂದಕ್ಕೆ ಬಾಗಿತ್ತು. ರಸ್ತೆಯ ನಡುವೆ ಅವರು ನಡೆದದ್ದನ್ನು ನಾನು ನೋಡಿಲ್ಲ. ಸಾಲುಮನೆಗಳ ಗೋಡೆಗೆ ಭುಜ ತಾಗಿಸಿಕೊಂಡಂತೆ, ಸೂರಿನ ಸಂದುಗಳನ್ನು ಕಣ್ಣಿನಿಂದಲೇ ತಡವುತ್ತ ನಡೆಯುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಷೇಮಸಮಾಚಾರ, ಆಮೇಲೆ ಮನುಷ್ಯರದು. ಅವರ ಖಾಕಿ ಕೋಟಿನ ಹೊಲಿಗೆಗಳಲ್ಲಿ, ಜೇಬಿನ ಮೂಲೆಗಳಲ್ಲಿ, ಗುಂಡಿಯ ಕಾಜಗಳಲ್ಲಿ ಪುಡಿ ಕೂತು, ಎಷ್ಟು ಒಗೆದರೂ ಅದು ನರೆತ ಬಟ್ಟೆಯಂತೆ ಕಾಣುತ್ತಿತ್ತು. ಅವರ ಮಡದಿ ಗಿರಿಜಾಂಬಾ ಆ ಕೋಟನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. "ಅದು ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ, ಅಷ್ಟೇ" ಎಂದು ಒಂದು ಕಾಲಕ್ಕೆ ಗಂಡನ ಮುಖ ನೋಡದೆ ಮಾತಾಡುತ್ತಿದ್ದ ಆ ಸಾಧ್ವಿ ಎಲ್ಲರೆದುರು ನುಡಿದಿದ್ದರಂತೆ. ಹಾಗಾಗಿ ಕೋಟಿಗೆ ಹಿತ್ತಲಿನ ಸೀಬೆಮರದ ಕೊಂಬೆಯೇ ಗೂಟ. ಕೆಲವು ತಿಂಗಳಲ್ಲಿ ಆ ಮರಕ್ಕೆ ಇರುವೆ ಹತ್ತುವುದು ನಿಂತುಹೋಯಿತು. ಹಣ್ಣು ಕೀಳುವಾಗ ಇನ್ನು ಕಚ್ಚಿಸಿಕೊಳ್ಳಬೇಕಾಗಿಲ್ಲವೆಂದು ನಾವೆಲ್ಲ ಸಂತೋಷಪಟ್ಟೆವು. ಅದಕ್ಕಿಂತ ಹೆಚ್ಚಿಗೆ ಯೋಚಿಸುವ ಕಾಲವಾಗಿರಲಿಲ್ಲ ಅದು.

ಆ ಪುಡಿಯ ಮೇಲೆ ಅವರಿಗಿದ್ದ ಶ್ರದ್ಧೆಗೆ ಒಂದು ಕಾರಣವಿತ್ತು. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೇನೋ ಮಾತಿನ ನಡುವೆ. ಯುದ್ಧದ ಕಾಲದಲ್ಲಿ ಅವರು ಮಂಡ್ಯದ ಕಡೆ ಕಾಲುವೆಯ ಬಯಲಿನ ಒಂದು ಊರಿನಲ್ಲಿ ಗುಮಾಸ್ತರಾಗಿದ್ದರು. ಏಳು ವರ್ಷದ ಒಬ್ಬಳೇ ಮಗಳಿಗೆ ಚಳಿಜ್ವರ ಹಿಡಿಯಿತು. ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ನಡುಕ ಬರುತ್ತಿತ್ತು. "ಮಂಡ್ಯ, ಮೈಸೂರು, ಎಲ್ಲೂ ಕ್ವಿನೈನ್ ಸಿಗಲಿಲ್ಲ" ಎಂದರು. "ಇದ್ದದ್ದೆಲ್ಲ ಯುದ್ಧಕ್ಕೆ ಹೋಗಿತ್ತು. ನಾಲ್ಕು ಕಂಬಳಿ ಹೊದಿಸಿ ನಾನು ಮೇಲೆ ಮಲಗ್ತಿದ್ದೆ, ಮಂಚ ಅಲ್ಲಾಡ್ತಿತ್ತು." ಮಗು ಮೂರು ತಿಂಗಳು ನರಳಿ ತೀರಿಕೊಂಡಿತು. ಅವರು ಗುಮಾಸ್ತಿಕೆ ಬಿಟ್ಟು ಮಲೇರಿಯಾ ಕೆಲಸಕ್ಕೆ ಸೇರಿದರು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ಐವತ್ತಮೂರನೆಯ ಇಸವಿಯಿಂದ ಸಿಂಪಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಪ್ರಭುಸ್ವಾಮಿಗಳ ಕೈಕೆಳಗೆ ಆರು ಜನರ ತಂಡ. ಬಕೆಟ್ಟಿನಲ್ಲಿ ಪುಡಿ ಕಲಸಿ, ಪಂಪಿನಿಂದ ಒತ್ತಿ, ಮನೆಯ ಒಳಗೋಡೆಗಳಿಗೆಲ್ಲ ತೆಳ್ಳಗೆ ಹೊಡೆಯುವುದು, ಹೊಡೆದ ತಾರೀಖನ್ನು ಬಾಗಿಲ ಪಕ್ಕದಲ್ಲಿ ಕೆಮ್ಮಣ್ಣಿನಿಂದ ಬರೆಯುವುದು, ಆರು ತಿಂಗಳು ಗೋಡೆ ಸಾರಿಸಬೇಡಿರೆಂದು ಹೆಂಗಸರನ್ನು ಬೇಡಿಕೊಳ್ಳುವುದು. ಜನ ಮೊದಲ ವರ್ಷ ಒಪ್ಪಿದ್ದು ಸೊಳ್ಳೆಗಾಗಿಯಲ್ಲ, ತಿಗಣೆಗಾಗಿ. ಹೊಡೆದ ಮಾರನೆಯ ದಿನ ಮಂಚದ ಸಂದಿಯಿಂದ ತಿಗಣೆಗಳನ್ನು ಮೊರಗಟ್ಟಲೆ ಗುಡಿಸಿ ಹಾಕಿದವರು ಇವರ ಕಾಲಿಗೆ ಬೀಳುವುದೊಂದು ಬಾಕಿ. ಎರಡು ಮೂರು ವರ್ಷದಲ್ಲಿ ತಿಗಣೆಗಳು ಪುಡಿಗೆ ಜಗ್ಗದೆ ಮೊದಲಿಗಿಂತ ಹೆಚ್ಚಾದವೆಂಬುದು ಬೇರೆಯ ಮಾತು. ಆದರೆ ಜ್ವರ ಹೋಯಿತು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಹಳ್ಳಿಗೆ ಹೋದಾಗಲೆಲ್ಲ ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡ ಪಕ್ಕೆಯ ಕೆಳಗೆ ನಾಲ್ಕು ಬೆರಳಿಟ್ಟು, ಜ್ವರದಿಂದ ಊದಿದ ಗುಲ್ಮ ಕೈಗೆ ತಾಗುವುದೋ ಎಂದು ಒತ್ತಿ ನೋಡುತ್ತಿದ್ದರು. ಮೊದಲ ವರ್ಷ ಹತ್ತು ಮಕ್ಕಳಲ್ಲಿ ಆರು ಮಕ್ಕಳ ಹೊಟ್ಟೆಯಲ್ಲಿ ಅದು ಕಲ್ಲಿನಂತೆ ಸಿಕ್ಕುತ್ತಿತ್ತು. ನಾಲ್ಕನೆಯ ವರ್ಷ ಊರಿಗೆ ಒಂದು ಮಗುವೂ ಇಲ್ಲ. ಕೈಗೆ ಏನೂ ತಾಗದ ಹೊಟ್ಟೆಯ ಮೇಲೆ ಅವರ ಬೆರಳುಗಳು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಿದ್ದುದನ್ನು ನಾನು ಗಮನಿಸಿದ್ದೇನೆ.

ಈ ಗೆಲುವಿನ ನಡುವೆಯೇ ಸಣ್ಣಪುಟ್ಟ ಸಾವುಗಳು ಕಾಣತೊಡಗಿದ್ದವು. ಹೂಟಗಳ್ಳಿಯಲ್ಲಿ ಒಂದು ವರ್ಷ ಬೆಕ್ಕುಗಳು ಸತ್ತವು. ಕಾಲು ಸೆಟೆದುಕೊಂಡು, ನಡುಗಿ ನಡುಗಿ. ಮುಂದಿನ ಸುಗ್ಗಿಗೆ ರಾಗಿಯ ಹಗೇವಿನಲ್ಲಿ ಇಲಿಯ ಕಾಟ ಹೆಚ್ಚಾಯಿತು. ಗೋಡೆಯ ಪೊಟರೆಯಲ್ಲಿದ್ದ ಜೇನು ಬರಿದಾಯಿತೆಂದು ಒಬ್ಬ ಹೇಳಿದ. ಹಲ್ಲಿಗಳು ಕಾಣವೆಂದು ಇನ್ನೊಬ್ಬ. ಪ್ರಭುಸ್ವಾಮಿಗಳು ಮೇಲಿನವರನ್ನು ಕೇಳಿದರು. ಬೆಕ್ಕು ಗೋಡೆಗೆ ಮೈಯುಜ್ಜಿ ಆಮೇಲೆ ನೆಕ್ಕಿಕೊಳ್ಳುತ್ತದೆ, ಮನುಷ್ಯ ಹಾಗೆ ನೆಕ್ಕುವುದಿಲ್ಲ ಎಂಬ ಉತ್ತರ ಬಂತು. ಅದನ್ನೇ ಅವರು ಹಳ್ಳಿಯವರಿಗೆ ಹೇಳಿದರು. ಹೇಳುವಾಗ ನಕ್ಕರು ಕೂಡ.

ಐವತ್ತಾರರ ಕಾರ್ತಿಕದಲ್ಲಿ, ಮೊದಲ ಸಲ ಸಿಂಪಡಿಸಲು ಹೋದ ಕಡಕೊಳದಲ್ಲಿ ನಡೆದದ್ದನ್ನು ನಾನು ಪಕ್ಕದಲ್ಲಿ ನಿಂತೇ ಕಂಡೆ. ಪುಟ್ಟತಾಯಮ್ಮ ಎಂಬ ವಿಧವೆ, ಅರ್ಧ ಎಕರೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದವಳು. ನಾನು ಅವಳ ಬಾಯಿಂದ ಹಲವು ಹಾಡು ಬರೆದುಕೊಂಡಿದ್ದೆ. ಎರಡಂಕಣದ ಮನೆ, ಒಳಗೆ ತಟ್ಟೆಗಳ ಮೇಲೆ ತಟ್ಟೆ, ಅವುಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಜಿನುಗುಮಳೆಯಂತೆ ಕೇಳುತ್ತಿತ್ತು. ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ಅವರ ಮಾತಿನಲ್ಲಿ ಜ್ವರವೆನ್ನುತ್ತಾರೆ. ಅವಳ ಹುಳುಗಳು ನಾಲ್ಕನೆಯ ಜ್ವರ ಎದ್ದು, ಗೂಡು ಕಟ್ಟಲು ಇನ್ನೊಂದು ವಾರವಷ್ಟೇ ಇತ್ತು.

ಅವಳು ಬಾಗಿಲಿಗೆ ಅಡ್ಡ ನಿಂತಳು. "ಎಂಟ್ ದಿನ ತಡ್ಕಳಿ ಸ್ವಾಮಿ. ಉಳ ಅಣ್ಣಾಗಿ ಗೂಡ್ ಕಟ್ಟಿದ್ ಮ್ಯಾಕೆ ನಾನೇ ಬಂದು ಕರೀತೀನಿ. ಅವು ಬಲೇ ಸೂಕ್ಷ್ಮ, ವಗ್ಗರಣೆ ವಾಸ್ನೆನೂ ತಡ್ಯಕಿಲ್ಲ."

ಅವರು ಒಪ್ಪುತ್ತಿದ್ದರೋ ಏನೋ. ಆದರೆ ಒಳಗಿನ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಅವಳ ಮೊಮ್ಮಗಳು ಶಾರದ ಮುದುಡಿ ಮಲಗಿದ್ದಳು. ಆರೇಳು ವರ್ಷದ ಹುಡುಗಿ. ಪ್ರಭುಸ್ವಾಮಿಗಳು ಬಗ್ಗಿ ಒಳಗೆ ಹೋಗಿ, ಅವಳ ಪಕ್ಕೆಯ ಕೆಳಗೆ ಕೈಯಿಟ್ಟರು. ಹೊರಗೆ ಬಂದಾಗ ಅವರ ಮುಖ ಬೇರೆಯಾಗಿತ್ತು.

"ಮಗೂಗೆ ಎಷ್ಟು ದಿನದಿಂದ ಚಳಿ?"

"ದಿನ ಬುಟ್ಟು ದಿನ ಬತ್ತದೆ. ದಸರಾದಿಂದ್ಲೂವೆ."

"ಹಾಗಾದ್ರೆ ಎಂಟು ದಿನ ಯಾಕೆ, ಎಂಟು ಗಂಟೇನೂ ಕಾಯೋಕಾಗಲ್ಲ ತಾಯಿ. ನಿಮ್ಮ ಹುಳಕ್ಕೇನೂ ಆಗಲ್ಲ, ತಟ್ಟೆ ಎಲ್ಲ ಹೊರಗಿಡಿ, ಗೋಡೆ ಒಣಗಿದ ಮೇಲೆ ಒಳಗಿಡಿ. ನಾನು ಹೇಳ್ತಿದೀನಲ್ಲ." ಹೀಗೆಂದು ಪೀಪಾಯಿಗೆ ಬೆರಳದ್ದಿ ಎಂದಿನಂತೆ ನುಂಗಿ ತೋರಿಸಿದರು. ಪುಟ್ಟತಾಯಮ್ಮ ಒಂದು ಕ್ಷಣ ಅವರ ಬಾಯನ್ನೇ ನೋಡುತ್ತಿದ್ದು, ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ನಾನೂ ಅವಳಿಗೆ "ಏನೂ ಆಗಲ್ಲ ಬಿಡಮ್ಮ" ಎಂದೆ. ನನಗೆ ಆ ವಿಷಯದಲ್ಲಿ ಏನೂ ತಿಳಿದಿರಲಿಲ್ಲ.

ಮೂರು ದಿನದ ಮೇಲೆ ಉಳಿದ ಕೇರಿಗೆ ಸಿಂಪಡಿಸಲು ಹೋದಾಗ ಪುಟ್ಟತಾಯಮ್ಮನ ಮನೆಯ ಮುಂದೆ ತಟ್ಟೆಗಳು ಬೋರಲಾಗಿ ಬಿದ್ದಿದ್ದವು. ಹುಳುಗಳು ಮೊದಲು ತಲೆಯೆತ್ತಿ ಅತ್ತಿತ್ತ ಹೊಯ್ದಾಡಿದವಂತೆ; ಆಮೇಲೆ ಬಾಯಿಂದ ಹಸಿರು ರಸ ಕಾರಿಕೊಂಡು ಮೈ ಮೋಟಾಗಿಸಿಕೊಂಡು, ಒಂದೂ ಉಳಿಯದೆ ಸತ್ತವಂತೆ. ಅವನ್ನು ತಿಪ್ಪೆಗೆ ಹಾಕಿದ್ದಳು. ಹೆಕ್ಕಲು ಬಂದ ಕೋಳಿಗಳನ್ನು ಅಟ್ಟಲು ಕೋಲು ಹಿಡಿದು ಅಲ್ಲೇ ಕೂತಿದ್ದಳು. ಪ್ರಭುಸ್ವಾಮಿಗಳು ಜಗಲಿಯ ಮೇಲೆ ಕುಳಿತರು. ಬೈಯುತ್ತಾಳೆಂದು ಕಾದರು. ಅವಳು ಬೈಯಲಿಲ್ಲ. ಒಳಗಿನಿಂದ ಮಜ್ಜಿಗೆ ತಂದಿಟ್ಟಳು.

"ನೀವು ತಿಂದ್ರಿ, ನಿಮಗೇನಾಗ್ನಿಲ್ಲ ಸ್ವಾಮಿ" ಎಂದಳು. "ಅದ ನೋಡಿ ನಾ ನಂಬ್ದೆ. ಉಳ ನಿಮ್ಮಂಗೆ ಮನ್ಸ ಅಲ್ಲ ಅಂತ ನಂಗೆ ಒಳೀನಿಲ್ಲ, ನಿಮಗೂ ಒಳೀನಿಲ್ಲ."

ಆ ದಿನದಿಂದಾಚೆ ಅವರು ಪುಡಿ ನುಂಗಿ ತೋರಿಸುವುದನ್ನು ಬಿಟ್ಟರು; "ಬರೀ ಮಾತಲ್ಲ ಕಣ್ರೀ" ಎಂಬ ಮಾತೂ ಅವರ ಬಾಯಿಂದ ಕಳಚಿಬಿತ್ತು. ಶಾರದಳಿಗೆ ಮಾತ್ರೆ ಕೊಡಿಸಿದ್ದರು. ಮುಂದಿನ ವರ್ಷ ಅವಳ ಗುಲ್ಮ ಇಳಿದಿತ್ತು, ಮತ್ತೆ ಜ್ವರ ಮರುಕಳಿಸಲಿಲ್ಲ, ಅವಳು ಶಾಲೆಗೆ ಹೋಗತೊಡಗಿದ್ದಳು. ಇದನ್ನು ನಾನು ಸಮಾಧಾನಕ್ಕೆಂದು ಎತ್ತಿ ಹೇಳಿದಾಗ ಅವರು ತಲೆಯಲ್ಲಾಡಿಸಿ, "ಅದು ಸರಿ. ಆದ್ರೆ ಆಕೆ ನನ್ನ ಕೇಳಿದ್ದು ಎಂಟೇ ದಿನ" ಎಂದರು.

ಹುಳು ಸಾಕುವ ಮನೆಗಳಿಗೆ ಬೆಳೆಯ ಕಾಲ ನೋಡಿ ಸಿಂಪಡಿಸಬೇಕು, ಸಾಕುವ ಕೋಣೆಯನ್ನು ಬಿಡಬೇಕು ಎಂದು ಅವರು ಮೇಲಧಿಕಾರಿಗಳಿಗೆ ಬರೆದರು. ಅಧಿಕಾರಿಗಳು ಕರೆಸಿದರು. "ರೀ ಪ್ರಭುಸ್ವಾಮಿ, ಪ್ರೋಗ್ರಾಂ ತಯಾರಾಗೋದು ಡೆಲ್ಲೀಲಿ. ಹುಳ ಹಣ್ಣಾಯ್ತೋ ಇಲ್ವೋ ಅಂತ ಅಲ್ಲಿ ಯಾರೂ ನೋಡ್ಕೊಂಡು ಕೂತಿಲ್ಲ" ಎಂದು ಕಳಿಸಿದರು. ಅಲ್ಲಿಂದ ಮುಂದೆ ಅವರು ಅಪ್ಪಣೆ ಕೇಳುವುದನ್ನು ಬಿಟ್ಟು, ತಾವೇ ಒಂದು ವಾರ ಮುಂಚೆ ಸೈಕಲ್ಲಿನಲ್ಲಿ ಹಳ್ಳಿಗೆ ಹೋಗಿ, ಯಾರ ಮನೆಯಲ್ಲಿ ಹುಳು ಎಷ್ಟನೆಯ ಜ್ವರದಲ್ಲಿದೆಯೆಂದು ವಿಚಾರಿಸಿ, ಆ ಮನೆಗಳನ್ನು ಕೊನೆಗಿಟ್ಟುಕೊಳ್ಳತೊಡಗಿದರು. ನಿಗದಿಯಾದ ಮನೆಗಳ ಸಂಖ್ಯೆ ತಪ್ಪುತ್ತಿತ್ತು. ಕಚೇರಿಯಿಂದ ತಾಕೀತು ಬರುತ್ತಿತ್ತು. ಸೈಕಲ್ ತುಳಿದು ಸುಸ್ತಾಗಿ ಬಂದು, ಹಿತ್ತಲಿನ ಕಲ್ಲಿನ ಮೇಲೆ ಕೂತು, ಸೀಗೆಪುಡಿಯಿಂದ ಮೊಣಕೈವರೆಗೆ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಮೊದಲೆಲ್ಲ ಅವರು ಅಷ್ಟು ಹೊತ್ತು ತೊಳೆಯುತ್ತಿರಲಿಲ್ಲ.

ಅವರ ತಂಡದಲ್ಲಿ ಚಾಮಯ್ಯನೆಂಬವನಿದ್ದ. ಹೂಟಗಳ್ಳಿಯ ಒಕ್ಕಲ ಮನೆತನದವನು, ಕಟ್ಟುಮಸ್ತಾದ ಆಳು, ಮಾತು ಕಡಿಮೆ. ಪುಡಿ ಕಲಸುವ ಕೆಲಸ ಅವನದು. ಕೋಲಿನಲ್ಲಿ ಕಲಸಿದರೆ ಗಂಟು ಉಳಿದು ಪಂಪಿನ ಮೂತಿ ಕಟ್ಟಿಕೊಳ್ಳುತ್ತಿತ್ತು. ಅದಕ್ಕಾಗಿ ರಾಗಿಹಿಟ್ಟು ನಾದುವಂತೆ ಕೈಯಿಂದಲೇ ಹಿಚುಕಿ ಕಲಸುತ್ತಿದ್ದ. ಕೆರೆಗಳಿಗೆ ಹೊಡೆಯುವಾಗ ಸೀಮೆಣ್ಣೆಯಲ್ಲಿ ಬೆರೆಸಬೇಕಾಗಿತ್ತು, ಆಗಲೂ ಬರಿಗೈ. ಕೈಗವಸು, ಮುಖವಾಡ ಕೊಡಬೇಕೆಂದು ಕಾಗದದಲ್ಲಿತ್ತು. ಏಳು ವರ್ಷದಲ್ಲಿ ಅವು ಬಂದದ್ದನ್ನು ಯಾರೂ ಕಾಣಲಿಲ್ಲ. ಅರವತ್ತರ ಹೊತ್ತಿಗೆ ಚಾಮಯ್ಯನ ಕೈ ನಡುಗಲಾರಂಭಿಸಿತು. ಊಟ ಸೇರದು, ಅಂಗಾಲು ಜುಮುಗುಟ್ಟುವುದು, ತುಟಿ ಮರಗಟ್ಟುವುದು. ಒಂದು ದಿನ ಪಂಪು ಹಿಡಿದವನು ಹಾಗೆಯೇ ಕುಸಿದ. ಆಸ್ಪತ್ರೆಯಲ್ಲಿ ನೋಡಿದ ವೈದ್ಯರು, ಇಂಥ ನಡುಕ ಕುಡಿತದಿಂದ ಬರುವುದುಂಟೆಂದು ಚೀಟಿಯಲ್ಲಿ ಬರೆದರು. ಕಚೇರಿಗೆ ಅಷ್ಟೇ ಬೇಕಾಗಿತ್ತು. ಕುಡಿತದ ಚಟದಿಂದಾಗಿ ಕೆಲಸಕ್ಕೆ ಅನರ್ಹನೆಂದು ಒಂದು ವರದಿ ಸಿದ್ಧವಾಗಿ, ಇನ್ಸ್‌ಪೆಕ್ಟರರ ರುಜುವಿಗೆ ಬಂತು.

ಚಾಮಯ್ಯ ಒಂದು ತೊಟ್ಟನ್ನೂ ಮುಟ್ಟಿದವನಲ್ಲ. ಪ್ರಭುಸ್ವಾಮಿಗಳೊಂದಿಗೆ ನಾನೂ ಅವನನ್ನು ನೋಡಲು ಹೋದೆ. ಅವನು ಎದ್ದು ಕೂರಲು ಯತ್ನಿಸಿ ಆಗದೆ ಮಲಗಿದ.

"ಕೆಲ್ಸ ಓದ್ರೆ ಓಗ್ಲಿ ಸ್ವಾಮಿ" ಎಂದ. "ಕುಡುಕ ಅಂತ ಮಾತ್ರ ಬರೀಬ್ಯಾಡಿ. ಮನೇಲಿ ಎಣ್ಮಕ್ಕಳವೆ. ಅದೊಂದ ತೆಗುಸ್ಬುಡಿ ಸಾಕು."

"ತೆಗೆಸ್ತೀನಿ ಚಾಮಯ್ಯ" ಎಂದರು ಪ್ರಭುಸ್ವಾಮಿಗಳು. "ಕೈಯಲ್ಲೇ ಕಲಸು ಅಂತ ಮೊದಲ ದಿನ ಹೇಳಿದ್ದು ಯಾರು, ಜ್ಞಾಪಕ ಇದೆಯಾ?"

ಚಾಮಯ್ಯ "ಅದೆಲ್ಲ ಯಾಕ್ ಬುಡಿ" ಎಂದ.

ಆ ಭಾನುವಾರ ಬೆಳಗ್ಗೆ ಅವರು ತಮ್ಮ ವರದಿಯ ಕರಡನ್ನು ನನ್ನ ಬಳಿ ತಂದರು. ಕಚೇರಿಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ. ಇವರು ಕನ್ನಡದಲ್ಲಿ ಬರೆದಿದ್ದರು. ಚಾಮಯ್ಯನಿಗೆ ಓದಿ ಹೇಳಬೇಕಲ್ಲ, ಅದಕ್ಕೆ ಎಂದರು. ವರದಿ ಚಿಕ್ಕದು. ಚಾಮಯ್ಯ ಮದ್ಯಪಾನ ಮಾಡುವವನಲ್ಲ. ಏಳು ವರ್ಷ ಬರಿಗೈಯಲ್ಲಿ ಔಷಧ ಕಲಸಿದ್ದಾನೆ. ರಕ್ಷಣೆಯ ಸಾಮಾನು ಒಮ್ಮೆಯೂ ಬಂದಿಲ್ಲ. ಬಾರದಿದ್ದರೂ ಕೆಲಸ ನಿಲ್ಲಿಸದೆ ಕೈಯಿಂದಲೇ ಕಲಸಲು ಹೇಳಿದವನು ನಾನು. ಕೊನೆಯ ವಾಕ್ಯವನ್ನು ಬಿಟ್ಟುಬಿಡಿ, ಇನ್ನು ಮೂರು ವರ್ಷದ ನೌಕರಿಯಿದೆ, ಚಾಮಯ್ಯನಿಗೆ ಅದರಿಂದ ಏನೂ ಪ್ರಯೋಜನವಿಲ್ಲ ಎಂದು ನಾನು ವಾದಿಸಿದೆ. ಅವರು ಕೋಪಗೊಳ್ಳಲಿಲ್ಲ. ಬಹಳ ದಣಿದವರಂತೆ ಕುರ್ಚಿಗೆ ಒರಗಿ, "ಮೇಷ್ಟ್ರೇ, ನೀವು ಕಾಗುಣಿತ ಮಾತ್ರ ನೋಡಿ" ಎಂದರು. ನಾನು ಕಾಗುಣಿತ ನೋಡಿಕೊಟ್ಟೆ. ಎರಡು ತಪ್ಪಿದ್ದವು.

ಕಡತದಿಂದ ಕುಡಿತದ ಮಾತು ಹೋಯಿತು. ಅದರ ಜಾಗದಲ್ಲಿ 'ಕಾರಣ ಗೊತ್ತಾಗಿಲ್ಲ' ಎಂದು ಬಂತು. ಪ್ರಭುಸ್ವಾಮಿಗಳು ಅದನ್ನು ಹೂಟಗಳ್ಳಿಗೆ ಹೋಗಿ ಓದಿ ಹೇಳಿದಾಗ ಚಾಮಯ್ಯ ಹೆಂಡತಿಯನ್ನು ಕರೆದು ಅವಳೆದುರು ಅವರಿಂದ ಇನ್ನೊಮ್ಮೆ ಓದಿಸಿದನಂತೆ. ಮುಂದಿನ ಆಷಾಢದಲ್ಲಿ ಅವನು ತೀರಿಕೊಂಡ. ಪುಡಿಯಿಂದಲೇ ಸತ್ತನೆಂದು ಹೇಳಬಲ್ಲವರು ಮೈಸೂರಿನಲ್ಲಿ ಯಾರೂ ಇರಲಿಲ್ಲ. ಅಲ್ಲವೆಂದು ಹೇಳಬಲ್ಲವರೂ ಇರಲಿಲ್ಲ. ವರದಿ ಬರೆದ ಪ್ರಭುಸ್ವಾಮಿಗಳನ್ನು ಹಳ್ಳಿಯ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಅದೇ ಪೀಪಾಯಿಗಳು. ದಿನವಿಡೀ ಆ ವಾಸನೆಯಲ್ಲಿ ಕುಳಿತು ಅವರು ಮೂರು ವರ್ಷ ಕಳೆದರು. ಹೊಸದಾಗಿ ಸೇರಿದ ಸಿಂಪಡಿಗರು ಪುಡಿ ಒಯ್ಯಲು ಬಂದಾಗ ಪ್ರತಿಯೊಬ್ಬನಿಗೂ ತಾವೇ ಬೀದಿಯ ಬಡಗಿಯಿಂದ ಮಾಡಿಸಿದ ಒಂದು ಮರದ ಹುಟ್ಟನ್ನು ಕೊಡುತ್ತಿದ್ದರು. ಕೆಲವರು ಅದರಿಂದ ಕಲಸಿದರು. ಕೆಲವರು ಮನೆಗೊಯ್ದು ಮುದ್ದೆ ತಿರುವಲು ಇಟ್ಟುಕೊಂಡರು.

ನಿವೃತ್ತರಾಗುವ ಹೊತ್ತಿಗೆ ಅವರ ಕೈಯೂ ನಡುಗುತ್ತಿತ್ತು. ಸಿಹಿಮೂತ್ರವೆಂದರು ಒಬ್ಬ ಡಾಕ್ಟರು, ನರದ ದೌರ್ಬಲ್ಯವೆಂದರು ಇನ್ನೊಬ್ಬರು, ವಯಸ್ಸೆಂದರು ಗಿರಿಜಾಂಬಾ. ಅವರು ಎಲ್ಲವನ್ನೂ ಒಪ್ಪಿದರು. ಬೆಳಗ್ಗೆ ಪೂಜೆಗೆ ಕೂತಾಗ ಎಡ ಅಂಗೈಯ ಮೇಲಿನ ಇಷ್ಟಲಿಂಗ ಅಲುಗುತ್ತಿತ್ತು. ಬಲಗೈಯಿಂದ ಎಡ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ದೃಷ್ಟಿಯಿಡುತ್ತಿದ್ದರು. ಬಲಗೈ ಬಿಟ್ಟು ಪತ್ರೆಯೇರಿಸಬೇಕಾದಾಗ ಗಿರಿಜಾಂಬಾ ಪಕ್ಕದಲ್ಲಿ ಕೂತು ತಮ್ಮ ಅಂಗೈಯನ್ನು ಅವರ ಅಂಗೈಯ ಕೆಳಗೆ ಒತ್ತುಕೊಡುತ್ತಿದ್ದರು. ಒಮ್ಮೆ ಪತ್ರಿಕೆ ಕೇಳಲು ಹೋದವನು ಬಾಗಿಲಿನಲ್ಲಿ ಇದನ್ನು ಕಂಡು ಹಾಗೆಯೇ ಹಿಂದಿರುಗಿದೆ.

ಅರವತ್ತೈದರಲ್ಲಿ ಜಿಲ್ಲೆಯಲ್ಲಿ ಜ್ವರ ಅಳಿದದ್ದಕ್ಕೆ ಪುರಭವನದಲ್ಲಿ ಒಂದು ಸಮಾರಂಭ ನಡೆಯಿತು. ಅವರಿಗೆ ಕರೆಯಿರಲಿಲ್ಲ, ನಾವಿಬ್ಬರೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಭಾಷಣಗಳಾದವು, ಹಾರಗಳಾದವು. ವೇದಿಕೆಯ ಮೇಲಿದ್ದವರಲ್ಲಿ ಒಬ್ಬರೂ ಒಂದು ಮಗುವಿನ ಹೊಟ್ಟೆ ಮುಟ್ಟಿ ನೋಡಿದವರಲ್ಲವೆಂದು ನನಗೆ ಸಿಟ್ಟು ಬಂತು. ಪ್ರಭುಸ್ವಾಮಿಗಳಿಗೆ ಬರಲಿಲ್ಲ. ಜ್ವರದಿಂದ ಸತ್ತವರ ಸಂಖ್ಯೆ ಸೊನ್ನೆಗೆ ಇಳಿದಿದೆಯೆಂದು ಸಾರಿದಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಅವರೇ. ಬರುವಾಗ ಅಗ್ರಹಾರದ ತಿರುವಿನಲ್ಲಿ ಏದುಸಿರು ತಡೆಯಲು ನಿಂತರು.

"ಹಾಗಾದ್ರೆ ಆ ಪುಡಿ ಒಳ್ಳೇದೋ ಕೆಟ್ಟದ್ದೋ, ಈಗಲಾದ್ರೂ ಹೇಳಿ" ಎಂದೆ ನಾನು, ಅರ್ಧ ತಮಾಷೆಗೆ.

"ಜ್ವರ ಹೋಯ್ತು, ಅದು ಸುಳ್ಳಲ್ಲ" ಎಂದರು. "ಹುಳ ಸತ್ತವು, ಬೆಕ್ಕು ಸತ್ತವು, ಚಾಮಯ್ಯ ಹೋದ, ಅದೂ ಸುಳ್ಳಲ್ಲ. ಒಂದರಿಂದ ಇನ್ನೊಂದನ್ನ ಕಳೆಯೋಕೆ ನನಗೆ ಬರಲ್ಲ ಮೇಷ್ಟ್ರೇ. ನಾಳೆ ಅದೇ ಮಗು ಅದೇ ಚಳೀಲಿ ಮಲಗಿದ್ರೆ ನಾನು ಮತ್ತೆ ಹೊಡೀತೀನಿ. ಆದ್ರೆ ಈ ಸಲ ಆಕೇಗೆ, ಹುಳ ಸತ್ತರೂ ಸಾಯಬಹುದು ತಾಯಿ ಅಂತ ಹೇಳಿ ಹೊಡೀತೀನಿ."

ಮರುವರ್ಷ ಮಾಘಮಾಸದಲ್ಲಿ ಅವರು ತೀರಿಕೊಂಡರು. ನಾಲ್ಕು ಊರುಗಳ ಜನ ಬಂದಿದ್ದರು.

ಲೋಕಕ್ಕೆ ಒಳ್ಳೆಯದನ್ನು ಹಂಚುವ ಯೋಜನೆಗಳು ಎಲ್ಲೋ ದೂರದಲ್ಲಿ ಹುಟ್ಟುತ್ತವೆ. ಅವು ಬಾಗಿಲಿಗೆ ಬಂದು ಮುಟ್ಟುವುದು ಇಂಥವರ ಕೈಯಿಂದ. ಹೊಗಳಿಕೆ ಯೋಜನೆಯನ್ನು ಮಾಡಿದವರಿಗೆ ಸಲ್ಲುತ್ತದೆ. ಮುಂದೆಂದಾದರೂ ಅದರ ಕೇಡು ಬಯಲಾದಾಗ ಅದನ್ನು ಕಂಡುಹಿಡಿದವರಿಗೂ ಹೊಗಳಿಕೆ ಸಲ್ಲುತ್ತದೆ. ನಡುವೆ ನಿಂತು, ತಂದ ಹಿತವನ್ನೂ ಅದರೊಡನೆ ನುಸುಳಿದ ಅಹಿತವನ್ನೂ ಒಂದೇ ಹೊಸ್ತಿಲಿನಲ್ಲಿ ಕಂಡವರಿಗೆ ಮಾತ್ರ ಯಾರ ಸಾಲಿನಲ್ಲೂ ಜಾಗವಿಲ್ಲ. ಅವರಲ್ಲಿ ಹೆಚ್ಚಿನವರು ಒಂದನ್ನು ಮರೆತು ಇನ್ನೊಂದನ್ನು ಉಳಿಸಿಕೊಂಡು ನೆಮ್ಮದಿಯಾಗಿ ಮುಪ್ಪಾಗುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ. ಕೆಲವರು ಮಾತ್ರ ಎರಡನ್ನೂ ಮರೆಯಲು ಒಪ್ಪುವುದಿಲ್ಲ. ಅವರು ಕ್ರಾಂತಿಕಾರರಲ್ಲ, ಕೆಲಸ ಬಿಟ್ಟು ಎದ್ದು ನಡೆದವರೂ ಅಲ್ಲ. ಅಪ್ಪಣೆಯಂತೆ ನಡೆದು, ನಡೆದದ್ದು ನಾನೇ ಎಂದು ಕಾಗದದ ಮೇಲೆ ರುಜು ಹಾಕಿದವರು, ಅಷ್ಟೇ. ಅಂಥವರ ಪಕ್ಕದ ಮನೆಯಲ್ಲಿ ಬಾಳಿದವರಿಗೆ ಲೋಕೋಪಕಾರವೆಂಬ ಮಾತನ್ನು ಹಗುರವಾಗಿ ಆಡಲು ಆಮೇಲೆ ಬಾಯಿ ಬರುವುದಿಲ್ಲ.